ಮಳೆಗಾಲದ ಹಿತ್ತಿಲಿಗೊಂದು ಒಣಗಿಸುವ ಯಂತ್ರ: ವರ್ಷದ ಬಳಕೆಯ ನಂತರ

ಮಲೆನಾಡಿನ ಸಾಗರ ಪಟ್ಟಣದ ಸುತ್ತಮುತ್ತ ಜೂನ್‌ನಲ್ಲಿ ಮಳೆ ಹಿಡಿದರೆ ಅಂಗಳದಲ್ಲಿ ಏನನ್ನಾದರೂ ಒಣಗಿಸುವ ಮಾತು ದಸರೆಯವರೆಗೆ ಇಲ್ಲ. ಆದರೆ ಹಿತ್ತಿಲಿನಲ್ಲಿ ಕರಿಬೇವು ಚಿಗುರಿ ನಿಲ್ಲುವುದು, ಒಂದೆಲಗ ನೆಲ ತುಂಬ ಹಬ್ಬುವುದು ಅದೇ ತಿಂಗಳುಗಳಲ್ಲಿ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಬಿಸಿಗೆ ಎಲ್ಲವೂ ತಾನಾಗಿ ಒಣಗುತ್ತಿತ್ತು. ನಮ್ಮ ಮನೆಯಲ್ಲಿ ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಆ ಅಟ್ಟದ ಉಪಯೋಗವೂ ತಪ್ಪಿತು. ಈ ಕೊರತೆಯನ್ನು ತುಂಬೀತೇ ಎಂದು ನೋಡಲು ಕಳೆದ ವರ್ಷ ಮೇ ತಿಂಗಳಿನಲ್ಲಿ ಕರೆಂಟಿನಿಂದ ನಡೆಯುವ ಒಣಗಿಸುವ ಯಂತ್ರವೊಂದನ್ನು ಕೊಂಡೆವು. ದುಂಡನೆಯ ಐದು ಜಾಲರಿ ತಟ್ಟೆಗಳನ್ನು ಒಂದರ ಮೇಲೊಂದು ಇಡುವ, ತಳದಲ್ಲಿ ಹೀಟರ್ ಮತ್ತು ಫ್ಯಾನ್ ಇರುವ, 350 ವ್ಯಾಟ್‌ನ, ಉಷ್ಣತೆಯನ್ನು 35ರಿಂದ 70 ಡಿಗ್ರಿಯವರೆಗೆ ಹೊಂದಿಸಬಹುದಾದ ಮಾದರಿ ಇದು.

ಸೊಪ್ಪುಗಳ ವಿಷಯದಲ್ಲಿ ಯಂತ್ರ ನಿಜವಾಗಿಯೂ ನಂಬಿಕೆ ಉಳಿಸಿಕೊಂಡಿದೆ. ಆದರೆ ಅದರೊಂದಿಗೆ ಬಂದ ಪುಸ್ತಿಕೆಯನ್ನು ನಂಬಬಾರದು. ಎಲ್ಲ ಎಲೆಗಳಿಗೂ 55 ಡಿಗ್ರಿ ಎಂದು ಅದರಲ್ಲಿ ಬರೆದಿತ್ತು. ಮೊದಲ ಸಲ ಹಾಗೆಯೇ ಇಟ್ಟಾಗ ಕರಿಬೇವಿನ ಘಮ ಮನೆಯ ಮೂಲೆಮೂಲೆಗೂ ಹರಡಿ ನಮಗೆಲ್ಲ ಬಹಳ ಸಂತೋಷವಾಯಿತು. ಮರುದಿನ ಆ ಎಲೆಯನ್ನು ತಿಕ್ಕಿ ಮೂಸಿದಾಗ ಒಣಹುಲ್ಲಿನ ವಾಸನೆಯೇ ಹೆಚ್ಚಾಗಿತ್ತು. ಎಲೆಯ ಪರಿಮಳವಿರುವುದು ಬಿಸಿಗೆ ಹಾರಿಹೋಗುವ ಎಣ್ಣೆಯಲ್ಲಿ; ಮನೆ ಘಮಘಮಿಸಿದಷ್ಟೂ ಡಬ್ಬಿಗೆ ಉಳಿಯುವುದು ಕಡಿಮೆ. ಈಗ 40 ಡಿಗ್ರಿ ದಾಟಿಸುವುದಿಲ್ಲ. ತೊಳೆದು, ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿದ ಮೇಲೆ, ಕಡ್ಡಿಯಿಂದ ಬಿಡಿಸಿದ ಎಲೆಗಳನ್ನು ಒಂದೇ ಪದರವಾಗಿ ಹಾಸಿದರೆ ಆರು ಗಂಟೆಗಳಲ್ಲಿ ಹಸಿರು ಬಣ್ಣ ಮಾಸದೆ ಗರಿಗರಿಯಾಗುತ್ತವೆ. 200 ಗ್ರಾಂ ಎಲೆ ಒಣಗಿ ಸುಮಾರು 75 ಗ್ರಾಂ ಆಗುತ್ತದೆ. ಚಟ್ನಿಪುಡಿಗೆ ಇದಕ್ಕಿಂತ ಒಳ್ಳೆಯ ಎಲೆಯನ್ನು ನಾನು ಬಿಸಿಲಿನಲ್ಲಿಯೂ ಒಣಗಿಸಿಲ್ಲ. ಮೆಂತ್ಯಸೊಪ್ಪು, ನುಗ್ಗೆಸೊಪ್ಪುಗಳೂ ಹೀಗೆಯೇ ಚೆನ್ನಾಗಿ ಬರುತ್ತವೆ. ಒಂದೆಲಗ ಹಸಿಯದರ ಸೊಗಸನ್ನು ಕಳೆದುಕೊಳ್ಳುತ್ತದೆಯಾದರೂ, ಅದರ ಪುಡಿಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಚೆನ್ನಾಗಿಯೇ ಆಗುತ್ತದೆ. ದೊಡ್ಡಪತ್ರೆಯನ್ನು ಮಾತ್ರ ಒಣಗಿಸಲು ಹೋಗಬೇಡಿ. ನೀರು ತುಂಬಿದ ಆ ದಪ್ಪ ಎಲೆ ರಾತ್ರಿಯಿಡೀ ಇಟ್ಟರೂ ಮಧ್ಯದಲ್ಲಿ ಮೆತ್ತಗೇ ಉಳಿಯುತ್ತದೆ, ಮೇಲಾಗಿ ಆ ಗಿಡ ವರ್ಷವಿಡೀ ಹಿತ್ತಿಲಿನಲ್ಲೇ ಇರುತ್ತದೆ.

ಯಂತ್ರದ ದೊಡ್ಡ ದೋಷ ಗೊತ್ತಾದದ್ದು ಮುರುಗಲು (ಕೋಕಂ) ಹಣ್ಣಿನಿಂದ. ಮುರುಗಲು ಹಣ್ಣಾಗಿ ಮುಗಿಯುವ ಮೊದಲೇ ಮಳೆ ಬಂದು ಪ್ರತಿ ವರ್ಷ ಒಂದಿಷ್ಟು ಸಿಪ್ಪೆಗೆ ಬೂಷ್ಟು ಹಿಡಿಯುತ್ತಿತ್ತು. ಯಂತ್ರ ಕೊಳ್ಳಲು ಮುಖ್ಯ ಕಾರಣವೇ ಅದು. ಬೀಜ ತೆಗೆದ ಸಿಪ್ಪೆಗಳನ್ನು ಐದೂ ತಟ್ಟೆಗಳಲ್ಲಿ ತುಂಬಿಟ್ಟು ಬೆಳಿಗ್ಗೆ ಎದ್ದು ನೋಡಿದರೆ, ಕೆಂಪು ರಸ ತಟ್ಟೆಯಿಂದ ತಟ್ಟೆಗೆ ತೊಟ್ಟಿಕ್ಕಿ ತಳದ ಫ್ಯಾನಿನ ಜಾಲರಿಯ ಮೇಲೆ ಅಂಟಾಗಿ ಹೆಪ್ಪುಗಟ್ಟಿತ್ತು. ಗಾಳಿ ಬರುವ ದಾರಿ ಮುಚ್ಚಿಹೋಗಿ ಮೇಲಿನ ಎರಡು ತಟ್ಟೆಗಳು ಹಸಿಯಾಗಿಯೇ ಉಳಿದಿದ್ದವು. ಫ್ಯಾನು, ಹೀಟರು ಇರುವ ತಳವನ್ನು ನೀರಿನಲ್ಲಿ ತೊಳೆಯುವಂತಿಲ್ಲ. ಒದ್ದೆ ಬಟ್ಟೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಸ್ವಚ್ಛಗೊಳಿಸುವುದರಲ್ಲಿ ಅರ್ಧ ದಿನ ಹೋಯಿತು. ಅಂದಿನಿಂದ ಸಿಪ್ಪೆಗೆ ಉಪ್ಪು ಬೆರೆಸಿ ಒಂದು ರಾತ್ರಿ ಇಟ್ಟು, ಬಿಟ್ಟ ರಸವನ್ನು ಸಾರಿಗೆ ಬಸಿದುಕೊಂಡು, ಆಮೇಲೆ ಒಳಮೈ ಮೇಲಾಗುವಂತೆ ಜೋಡಿಸಿ 55 ಡಿಗ್ರಿಯಲ್ಲಿ ಒಣಗಿಸುತ್ತೇನೆ. ಬೇಗ ಮುಗಿಯಲಿ ಎಂದು 70ಕ್ಕೆ ಏರಿಸಿದರೆ ಹೊರಗೆ ಗಟ್ಟಿ ಪದರ ಕಟ್ಟಿ ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಹದಿನೈದು ದಿನಗಳಲ್ಲಿ ಡಬ್ಬಿಯೊಳಗೆ ಬೂಷ್ಟು ಕಾಣಿಸುತ್ತದೆ.

ಬಾಳಕದ ಮೆಣಸಿಗೆ ಈ ಯಂತ್ರ ಹೇಳಿಸಿದ್ದಲ್ಲ. ಸೀಳಿದ ಮೆಣಸನ್ನು ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹಾಕಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಇಳಿಸಿ, ಮಜ್ಜಿಗೆ ಪೂರ್ತಿ ಹೀರಿಕೊಳ್ಳುವವರೆಗೆ ದಿನಗಟ್ಟಲೆ ಮಾಡುವ ಕೆಲಸ ಅದು. ಒಂದೇ ರಾತ್ರಿ ಯಂತ್ರದಲ್ಲಿ ಒಣಗಿದ ಬಾಳಕವನ್ನು ಕರಿದು ಬಡಿಸಿದಾಗ ನಮ್ಮ ಅತ್ತೆಯವರು, ‘ಇದರೊಳಗೆ ಮಜ್ಜಿಗೆ ಇಳಿದೇ ಇಲ್ಲವಲ್ಲೇ’ ಎಂದರು. ಅವರ ಮಾತು ನಿಜವಾಗಿತ್ತು. ಬಾಯಿಗೆ ಬರೀ ಖಾರ ಸಿಕ್ಕಿತು. ಬಾಳಕ, ಸಂಡಿಗೆಗಳನ್ನು ಏಪ್ರಿಲ್ ಬಿಸಿಲಿಗೇ ಬಿಟ್ಟಿದ್ದೇವೆ.

ವಿದ್ಯುತ್ತಿನ ಖರ್ಚು ಹೆದರುವಷ್ಟಿಲ್ಲ. ಎಂಟು ಗಂಟೆ ಬಿಡದೆ ಉರಿದರೂ 2.8 ಯೂನಿಟ್, ಬಿಸಿ ಸಾಕಾದಾಗ ಹೀಟರ್ ತಾನೇ ನಿಲ್ಲುವುದರಿಂದ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಆದರೆ ನಮ್ಮೂರಿನಲ್ಲಿ ಮಳೆ ಜೋರಾದ ದಿನ ಕರೆಂಟ್ ಇರುವುದಿಲ್ಲ, ಅರ್ಧ ಒಣಗಿದ ಟೊಮೆಟೊ ಹಾಗೆಯೇ ಕುಳಿತರೆ ಹುಳಿತುಹೋಗುತ್ತದೆ. ಅಂಥ ದಿನಗಳಲ್ಲಿ ಸೊಪ್ಪನ್ನಷ್ಟೇ ಇಡುತ್ತೇನೆ. ಟೈಮರ್ ಇಲ್ಲದಿರುವುದು, ತಳದ ತಟ್ಟೆ ಬೇಗ ಒಣಗುವುದರಿಂದ ಎರಡು ಗಂಟೆಗೊಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಬೇಕಾಗಿರುವುದು ಉಳಿದ ಕೊರತೆಗಳು.

ಒಣಗಿದ್ದನ್ನು ಪೂರ್ತಿ ತಣಿಸಿ ಗಾಜಿನ ಸೀಸೆಗೆ ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲ್ಲಾಡಿಸಿ ನೋಡಬೇಕು. ಸೀಸೆಯ ಒಳಮೈಯಲ್ಲಿ ಬೆವರು ಕಂಡರೆ ಕೂಡಲೇ ಮತ್ತೆ ತಟ್ಟೆಗೆ ಹಾಕಬೇಕು. ಸೊಪ್ಪಿಗಾಗಿಯೇ ಕೊಳ್ಳುವವರಿಗೆ ಈ ದುಂಡನೆಯ ಮಾದರಿ ಸಾಕು. ಮುರುಗಲು, ಟೊಮೆಟೊಗಳಂತಹ ರಸದ ಹಣ್ಣು ಹೆಚ್ಚಾಗಿ ಬೆಳೆಯುವ ಮನೆಯವರು ಮಾತ್ರ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ, ಫ್ಯಾನ್ ಹಿಂಬದಿಯಲ್ಲಿದ್ದು ತಟ್ಟೆಗಳನ್ನು ಮೇಜಿನ ಡ್ರಾಯರ್‌ನಂತೆ ಎಳೆದು ತೆಗೆಯಬಹುದಾದ ಮಾದರಿಯನ್ನೇ ಕೇಳಿ ಕೊಳ್ಳಲಿ.