ಹೆಸರಿಲ್ಲದ ಮಾತ್ರೆ ತಗೊಳ್ಳೋ ಮೊದಲು ನಮ್ಮ ಅಮ್ಮನ ಕಥೆ ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಳಗೆ ಒಂದಿಷ್ಟು ಅಡಿಕೆ ತೋಟ ನೋಡಿಕೊಂಡಿರುವವನು. ಆದರೆ ಅಮ್ಮನಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗೋದು ಬೇಡ ಅಂತ ಕೂತು ಬರೆಯುತ್ತಿದ್ದೇನೆ.

ಹೋದ ವರ್ಷ ಆಷಾಢದ ಮಳೆಯಲ್ಲಿ ಅಮ್ಮನಿಗೆ ಸರ್ಪಸುತ್ತು ಎದ್ದಿತು. ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಎಡಗಡೆ ಮಾತ್ರ, ಸೊಂಟಪಟ್ಟಿ ಹಾಗೆ ಗುಳ್ಳೆ. ತಲೆ ಬಾಲ ಕೂಡಿದರೆ ಮುಗೀತು ಅಂತ ಊರಲ್ಲಿ ಹೆದರಿಸುತ್ತಾರಲ್ಲ, ಅದಕ್ಕೆ ಪಕ್ಕದ ಮನೆ ಅಜ್ಜಿ ಕೆಮ್ಮಣ್ಣು ಕಲಸಿ ಹಚ್ಚಿದರು. ಮಳೆ ಬೇರೆ, ಹಳ್ಳ ತುಂಬಿತ್ತು. ಡಾಕ್ಟರ ಹತ್ತಿರ ಹೋಗುವಾಗ ಒಂಬತ್ತು ದಿನ ಕಳೆದಿತ್ತು. ಇದು ಚಿಕ್ಕವರಿದ್ದಾಗ ಬಂದ ಚಿಕನ್‌ಪಾಕ್ಸ್ ವೈರಸ್ಸೇ, ಇಷ್ಟು ವರ್ಷ ನರದಲ್ಲಿ ಮಲಗಿದ್ದು ಈಗ ಎದ್ದಿದೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದ್ದರೆ ಒಳ್ಳೇದಿತ್ತು ಅಂದರು. ಅದು ನಮ್ಮದೇ ತಪ್ಪು, ಒಪ್ಪುತ್ತೇನೆ.

ಮೂರು ವಾರಕ್ಕೆ ಗುಳ್ಳೆ ಒಣಗಿತು. ನೋವು ಹೋಗಲಿಲ್ಲ.

ನೋವು ಅಂದರೆ ಎಂಥಾದ್ದು ಅಂದರೆ ಅಮ್ಮ ರವಿಕೆ ತೊಡುವುದನ್ನೇ ಬಿಟ್ಟಳು. ಹಳೇ ನೂಲಿನ ಸೀರೆ ಸುತ್ತಿಕೊಂಡು, ಸೆರಗು ಮೈಗೆ ತಾಗದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಕೂರುತ್ತಿದ್ದಳು. ಗಂಟೆಗಟ್ಟಲೆ. ಯಾರಾದರೂ ಜಗಲಿ ಹತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಫ್ಯಾನ್ ಗಾಳಿ ಕೂಡ ಆಗದು. ರಾತ್ರಿ ಎರಡು ಗಂಟೆಗೆ ನೋಡಿದರೆ ಬಚ್ಚಲೊಲೆ ಮುಂದೆ ಒಬ್ಬಳೇ ಕೂತಿರುತ್ತಿದ್ದಳು. "ಅಪ್ಪಿ, ಒಳಗಿಂದ ಯಾರೋ ಕಾದ ಸೌಟು ಇಟ್ಟಂಗೆ ಆಗ್ತದೆ" ಅನ್ನುತ್ತಿದ್ದಳು. 71 ವರ್ಷ, ನಾಲ್ಕು ಹೆತ್ತವಳು, ಯಾವತ್ತೂ ನೋವು ಅಂತ ಬಾಯಿಬಿಟ್ಟವಳಲ್ಲ.

ಮೂರು ಕಡೆ ತೋರಿಸಿದೆವು. ಮೊದಲನೆಯವರು ಡೈಕ್ಲೋಫೆನಾಕ್ ಅನ್ನೋ ನೋವಿನ ಇಂಜೆಕ್ಷನ್ ಕೊಟ್ಟು, ಮನೆಗೆ ಅದೇ ಜಾತಿಯ ಅಸೆಕ್ಲೋಫೆನಾಕ್ ಮಾತ್ರೆ ಬರೆದರು. ಒಂದು ಚೂರೂ ಇಳಿಯಲಿಲ್ಲ. ಆಮೇಲೆ ಶಿವಮೊಗ್ಗಕ್ಕೆ ಹೋದೆವು, ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್, ಬಸ್ಸಿನಲ್ಲಿ ಸೀಟಿಗೆ ಒರಗಿಕೊಳ್ಳೋಕೂ ಆಗದೆ ಅಮ್ಮ ಮುಂದೆ ಬಾಗಿಯೇ ಕೂತಿದ್ದಳು. ಅಲ್ಲಿ ಐದು ನಿಮಿಷ ನೋಡಿದರು. ಗ್ಯಾಬಾಪೆಂಟಿನ್ ಅನ್ನೋ ನರದ ನೋವಿನ ಮಾತ್ರೆ, 100 ಮಿಲಿಗ್ರಾಂ, ರಾತ್ರಿ ಒಂದು, ಐದು ದಿನಕ್ಕೆ. "ವಯಸ್ಸಾಯ್ತಲ್ಲ, ಸ್ವಲ್ಪ ಸಹಿಸ್ಕೋಬೇಕು." ಐದು ದಿನ ಆದ ಮೇಲೆ ಏನು ಮಾಡಬೇಕು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆಂಗಳೂರಲ್ಲಿ ನರ್ಸ್ ಆಗಿರುವ ಚಿಕ್ಕಮ್ಮನ ಮಗಳು, ಟ್ರಮಡಾಲ್ ಅನ್ನೋ ಜೋರಾದ ನೋವಿನ ಮಾತ್ರೆ ಕೊಡಬಹುದಾ ಅಂತ ಕೇಳಿ ನೋಡು ಅಂದಳು. ಮೂರನೇ ಡಾಕ್ಟರ ಹತ್ತಿರ ಆ ಹೆಸರು ಎತ್ತಿದ್ದೇ ತಡ, ಅವರ ಮುಖವೇ ಬದಲಾಯಿತು. "ಅದೆಲ್ಲ ನಾವು ಬರೆಯೋದಿಲ್ಲ, ಚಟ ಹಿಡಿಯುತ್ತೆ." ಸರಿ, ಅದು ಸುಳ್ಳಲ್ಲ. ಆ ಮಾತ್ರೆಯನ್ನು ನಶೆಗೆ ಬಳಸುವವರು ಜಾಸ್ತಿಯಾಗಿ 2018ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯ ಕೆಳಗೆ ತಂದರು, ಅಂಗಡಿಯವರೂ ರಿಜಿಸ್ಟರ್ ಇಟ್ಟು ಲೆಕ್ಕ ಬರೆಯಬೇಕು. ಆದರೆ ಕಾನೂನು ಚೀಟಿ ಬೇಕು ಅಂತ ಹೇಳಿದೆಯೇ ಹೊರತು ಡಾಕ್ಟರು ಬರೆಯಲೇಬಾರದು ಅಂದಿಲ್ಲ. ಅದು ಬೇಡ ಅನ್ನೋದಾದರೆ ಬೇರೆ ಯಾವುದು ಅಂತಾದರೂ ಹೇಳಬೇಕಲ್ವಾ? ಮೂರು ತಿಂಗಳಿಂದ ನಿದ್ದೆ ಇಲ್ಲದ ಮುದುಕಿಗೆ ಚಟದ ಪಾಠ ಹೇಳಿ ಮತ್ತೆ ಅದೇ ಅಸೆಕ್ಲೋಫೆನಾಕ್ ಬರೆದು ಕಳಿಸಿದರು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಹೆಸರು ವಿಚಾರಿಸಿದ್ದಕ್ಕೆ ಆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನಗೇ ಬೇಕು ಅಂದುಕೊಂಡನೋ ಏನೋ.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ನೀವು ಮಾಡಬೇಡಿ.

ಹತ್ತಿರದ ಪೇಟೆಯಲ್ಲಿ ಒಬ್ಬನಿದ್ದಾನೆ. ಬೋರ್ಡಿಲ್ಲ. ಮಂಡಿ ನೋವು, ಸೊಂಟ ನೋವು, ವಾತ, ಏನೇ ಹೇಳಿದರೂ ಕೊಡುವುದು ಒಂದೇ: ನ್ಯೂಸ್‌ಪೇಪರ್ ತುಂಡಿನಲ್ಲಿ ಕಟ್ಟಿದ ಪೊಟ್ಟಣ. ಒಳಗೆ ಬಿಳಿಯದೊಂದು, ಹಳದಿಯದೊಂದು, ಇನ್ನೊಂದು ಅರ್ಧ ಮುರಿದದ್ದು. ಸ್ಟ್ರಿಪ್ಪಿನಿಂದ ಬಿಡಿಸಿಯೇ ಕೊಡುತ್ತಾನೆ, ಹೆಸರು ಗೊತ್ತಾಗಬಾರದಲ್ಲ. 15 ದಿನಕ್ಕೆ 300 ರೂಪಾಯಿ. ಎರಡನೇ ರಾತ್ರಿಯೇ ಅಮ್ಮ ಮಲಗಿದಳು. ವಾರದೊಳಗೆ ರವಿಕೆ ತೊಟ್ಟಳು. ದೇವರೇ ಕಣ್ಣು ಬಿಟ್ಟ ಅಂದುಕೊಂಡು ನಾನೇ ಹೋಗಿ ಮತ್ತೆ ಮತ್ತೆ ತಂದೆ. ಮುಖ ತುಂಬಿಕೊಂಡಿತು, ಹಸಿವು ಜಾಸ್ತಿಯಾಯಿತು. ದೀಪಾವಳಿಗೆ ಬಂದವರೆಲ್ಲ "ಅಮ್ಮಂಗೆ ಈಗ ಕಳೆ ಬಂದಿದೆ" ಅಂದರು.

ಆ ಕಳೆ ಸ್ಟಿರಾಯ್ಡಿನದ್ದು ಅಂತ ಗೊತ್ತಾಗಿದ್ದು ಕೊಯ್ಲಿನ ಸಮಯದಲ್ಲಿ. ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಎರಡು ದಿನದಿಂದ ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿತ್ತಂತೆ, ನಾಚಿಕೆಗೆ ಹೇಳಿರಲಿಲ್ಲ. ಹಿಮೋಗ್ಲೋಬಿನ್ 6. ಯಾವತ್ತೂ ಇಲ್ಲದ ಶುಗರ್ 300 ದಾಟಿತ್ತು. ಡ್ಯೂಟಿ ಡಾಕ್ಟರ್ ಏನು ಮಾತ್ರೆ ತಗೋತಿದ್ರು ಅಂತ ಕೇಳಿದರೆ ನಾನು "ಬಿಳಿದು, ಹಳದಿದು" ಅಂದೆ. ಡಿಗ್ರಿ ಓದಿದವನು ನಾನು.

ಎಂಡೋಸ್ಕೋಪಿಯಲ್ಲಿ ಹೊಟ್ಟೆಯಲ್ಲಿ ಹುಣ್ಣು ಕಾಣಿಸಿತು. ಎರಡು ಬಾಟಲಿ ರಕ್ತ ಕೊಟ್ಟರು. ನೋವಿನ ಮಾತ್ರೆ, ಸ್ಟಿರಾಯ್ಡ್ ಎರಡೂ ಒಟ್ಟಿಗೆ ಹೋಗಿರಬೇಕು, ಜೊತೆಗೆ ನಿದ್ದೆ ಮಾತ್ರೆಯೂ ಇದ್ದಿರಬಹುದು ಅಂದರು. ಒಂದು ಮಾತು ಗಮನಿಸಿ: ಇಂಥ ಪೊಟ್ಟಣ ತುಂಬಾ ದಿನದಿಂದ ತಗೊಳ್ಳುತ್ತಿದ್ದರೆ ಇದನ್ನು ಓದಿ ಹೆದರಿ ನೀವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಬೇಗ ಡಾಕ್ಟರಿಗೆ ತೋರಿಸಿ, ಉಳಿದ ಮಾತ್ರೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ನೋವಿಗೇ ಬೇರೆ ಡಾಕ್ಟರು ಇರುತ್ತಾರೆ ಅಂತ ನನಗೆ ಗೊತ್ತಾದದ್ದು ಅಲ್ಲಿಯೇ. ಆಪರೇಷನ್ನಿಗೆ ಅರಿವಳಿಕೆ ಕೊಡುತ್ತಾರಲ್ಲ, ಅವರಲ್ಲಿ ಕೆಲವರು ಪೇನ್ ಕ್ಲಿನಿಕ್ ನಡೆಸುತ್ತಾರೆ. ಎಂಟು ತಿಂಗಳಲ್ಲಿ ಒಬ್ಬರಾದರೂ ಇದನ್ನು ಹೇಳಿದ್ದರೆ! ಅವರು ಹತ್ತಿಯ ಎಳೆ ತಾಗಿಸಿ ಎಲ್ಲೆಲ್ಲಿ ಉರಿ ಅಂತ ಅಮ್ಮನನ್ನೇ ಕೇಳಿದರು. ಇದು ನರದ ನೋವು, ಡೈಕ್ಲೋಫೆನಾಕ್ ಜಾತಿಯ ಮಾತ್ರೆಗೆ ಬಗ್ಗೋದಲ್ಲ ಅಂದರು. ತಮಾಷೆ ಏನಂದರೆ ಅವರು ಬರೆದದ್ದೂ ಗ್ಯಾಬಾಪೆಂಟಿನ್ನೇ. ಆದರೆ ಕಿಡ್ನಿ ಪರೀಕ್ಷೆ ಮಾಡಿಸಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಗುಣ ಕಾಣೋಕೆ ವಾರಗಳೇ ಬೇಕು ಅಂತ ಮೊದಲೇ ಹೇಳಿ. ಜೊತೆಗೆ ರಾತ್ರಿಗೆ ಅಮಿಟ್ರಿಪ್ಟಿಲಿನ್ 10. ಇದಕ್ಕೆ ಅಂಗಡಿ ಹುಡುಗ "ಮನಸ್ಸಿನ ಕಾಯಿಲೆಗಾ?" ಅಂದುಬಿಟ್ಟ, ಅಮ್ಮ ಒಂದು ವಾರ ಮುಟ್ಟಲಿಲ್ಲ. ಕಡಿಮೆ ಡೋಸಿನಲ್ಲಿ ಅದು ನರದ ನೋವಿಗೂ ಕೊಡುವ ಮಾತ್ರೆ ಅಂತ ಡಾಕ್ಟರೇ ಫೋನಿನಲ್ಲಿ ಹೇಳಬೇಕಾಯಿತು.

ಪೂರ್ತಿ ಹೋಗಿಲ್ಲ. ಹತ್ತಕ್ಕೆ ಒಂಬತ್ತಿದ್ದ ನೋವು ಈಗ ಮೂರೋ ನಾಲ್ಕೋ. ಮಾತ್ರೆಗೆ ತಲೆ ತಿರುಗುತ್ತದೆ, ಗೋಡೆ ಹಿಡಿದು ಓಡಾಡುತ್ತಾಳೆ. ಆದರೆ ರಾತ್ರಿ ಮಲಗುತ್ತಾಳೆ. ಸರ್ಪಸುತ್ತಿಗೆ ಲಸಿಕೆ 2023ರಿಂದ ನಮ್ಮಲ್ಲೂ ಇದೆ, 50 ದಾಟಿದವರಿಗೆ. ದುಬಾರಿ, ಆದರೂ ಒಮ್ಮೆ ನಿಮ್ಮ ಡಾಕ್ಟರನ್ನು ಕೇಳಿ.

ಮೊನ್ನೆ ಸಂತೆಗೆ ಹೋದಾಗ ಪೊಟ್ಟಣದವನ ಬಾಗಿಲಲ್ಲಿ ಏಳೆಂಟು ಜನ ಕೂತಿದ್ದರು. ಒಬ್ಬರು ನಮ್ಮೂರಿನವರೇ, ಮಂಡಿ ನೋವು. ಪಕ್ಕಕ್ಕೆ ಕರೆದು ಇಷ್ಟೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿ ಮಾರಾಯ್ರೆ, ಆದ್ರೆ ನಾಳೆ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗ್ಬೇಕಲ್ಲ" ಅಂದು ವಾಪಸ್ ಹೋಗಿ ಕೂತರು.