ಏಳು ಲಕ್ಷದ ಆಫರ್ ನಂಬ್ಕೊಂಡು ಸಂಸಾರ ಸಮೇತ ಬೆಂಗಳೂರಿಗೆ ಹೊರಡೋ ಮುಂಚೆ ಇದೊಂದ್ಸಲ ಓದಿ

ನಾನು ದಾವಣಗೆರೆಯವನು, ಅಕೌಂಟ್ಸ್ ಕೆಲಸ. 2024ರ ಜೂನ್‌ನಲ್ಲಿ ಹೆಂಡ್ತಿ, ಮಗಳು, ಸಾಮಾನು ಎಲ್ಲಾ ಕಟ್ಕೊಂಡು ಬೆಂಗಳೂರಿಗೆ ಹೋದೆ, 2025ರ ಏಪ್ರಿಲ್‌ನಲ್ಲಿ ಅದೇ ಸಾಮಾನು ಅದೇ ತರ ಟೆಂಪೋಗೆ ಹಾಕ್ಕೊಂಡು ವಾಪಸ್ ಬಂದೆ. ಹತ್ತೇ ತಿಂಗಳು. ಕೈಯಿಂದ ಹೋಗಿದ್ದು ಒಂದು ಲಕ್ಷದ ನಲವತ್ತು ಸಾವಿರ, ಊರಲ್ಲೇ ಇದ್ದಿದ್ರೆ ಉಳೀತಿದ್ದ ದುಡ್ಡೂ ಸೇರ್ಸಿದ್ರೆ ಎರಡು ಲಕ್ಷ ದಾಟುತ್ತೆ. ಊರೋರು ಕೇಳಿದ್ರೆ "ಅಪ್ಪಂಗೆ ಹುಷಾರಿರ್ಲಿಲ್ಲ, ಅದಕ್ಕೆ ಬಂದ್ವಿ" ಅಂತ ಹೇಳ್ಕೊಂಡು ತಿರುಗ್ತಿದೀನಿ. ನಿಜ ಏನು ಅಂತ ಇಲ್ಲಿ ಬರೀತೀನಿ.

ಊರಲ್ಲಿ ನಂಗೆ ಕೈಗೆ 29,000 ಬರ್ತಿತ್ತು. ಆಫರ್ ಬಂದಿದ್ದು 7,20,000. ನಾನು ಮಾಡಿದ ಮೊದಲ ಲೆಕ್ಕ ಏನು ಗೊತ್ತಾ, ಏಳು ಇಪ್ಪತ್ತನ್ನ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 60,000 ಅಂದ್ಕೊಂಡೆ. ಅಕೌಂಟ್ಸ್‌ನವನು ನಾನು, ಬೇರೆಯೋರ ಪೇ ಸ್ಲಿಪ್ ಮಾಡ್ಕೊಟ್ಟೋನು, ನನ್ನದೇ ವಿಷಯ ಬಂದಾಗ ಆಫರ್ ಲೆಟರ್‌ನ ಮೊದಲ ಪುಟ ಮಾತ್ರ ಓದಿದೆ. ಮೂರನೇ ಪುಟದಲ್ಲಿ ಒಂದು ಟೇಬಲ್ ಇರುತ್ತೆ, ಸಂಬಳ ಹೆಂಗೆ ಹಂಚಿದಾರೆ ಅಂತ, ಅದನ್ನ ಅಪ್ಪನಿಗೆ ತೋರ್ಸುವಾಗ ಸ್ಕ್ರೋಲ್ ಮಾಡಿ ಮುಂದಕ್ಕೆ ಹೋಗಿದ್ದೆ.

ಆ ಟೇಬಲ್ ಇಲ್ಲಿ ಬಿಡಿಸ್ತೀನಿ. 60,000ದಲ್ಲಿ 6,000 ವೇರಿಯಬಲ್, ವರ್ಷಕ್ಕೊಂದ್ಸಲ ಜುಲೈನಲ್ಲಿ ಕೊಡೋದು, ಅದೂ ಆ ದಿನ ನೀವು ಕಂಪ್ನಿ ರೋಲ್‌ನಲ್ಲಿದ್ರೆ ಮಾತ್ರ. ಉಳಿದ 54,000ದಲ್ಲಿ ಕಂಪ್ನಿ ಕಟ್ಟೋ ಪಿಎಫ್ 3,000 (ಬೇಸಿಕ್ 25,000ಕ್ಕೆ 12 ಪರ್ಸೆಂಟ್) ನಮ್ಮ ಲೆಕ್ಕದಲ್ಲೇ ಸೇರ್ಸಿದಾರೆ. ಗ್ರಾಚ್ಯುಟಿ 1,200, ಇದು ಐದು ವರ್ಷ ತುಂಬಿದ್ಮೇಲೆ ನೋಡೋ ದುಡ್ಡು, ಆದ್ರೂ ಮೊದಲ ದಿನದಿಂದಾನೇ "ನಿಮ್ಮ ಸಂಬಳ". ಗ್ರೂಪ್ ಇನ್ಶೂರೆನ್ಸ್ 800. ಅಲ್ಲಿಗೆ 49,000. ಅದ್ರಲ್ಲಿ ನನ್ನ ಪಾಲಿನ ಪಿಎಫ್ ಇನ್ನೊಂದು 3,000, ಪ್ರೊಫೆಷನಲ್ ಟ್ಯಾಕ್ಸ್ 200 ಹೋಗಿ ಬ್ಯಾಂಕಿಗೆ ಬೀಳ್ತಿದ್ದಿದ್ದು 45,800. ಹೊಸ ಪದ್ಧತೀಲಿ ನನ್ನ ಸಂಬಳಕ್ಕೆ ಇನ್‌ಕಂ ಟ್ಯಾಕ್ಸ್ ಬೀಳ್ಲಿಲ್ಲ, ಅದೊಂದು ಪುಣ್ಯ. ಪಿಎಫ್ ನಮ್ಮದೇ ದುಡ್ಡು ಅಂತ ನಂಗೂ ಗೊತ್ತು, ಆದ್ರೆ ಬಾಡಿಗೆಯನ್ನ ಪಿಎಫ್‌ನಿಂದ ಕಟ್ಟೋಕಾಗುತ್ತಾ?

ಆದ್ರೂ 29,000 ಎಲ್ಲಿ 45,800 ಎಲ್ಲಿ, ತಿಂಗಳಿಗೆ ಹದಿನೇಳು ಸಾವಿರ ಜಾಸ್ತಿ ಆಯ್ತಲ್ಲ ಅಂತೀರಾ. ನಾನೂ ಅದನ್ನೇ ಅಂದೆ. ಹೆಂಡ್ತಿ ಮನೇಲಿ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ಲು, ತಲೆಗೆ 600, ಅದು ಆರು ಸಾವಿರ, ಅದನ್ನ ನಾನು "ಅವಳ ಪಾಕೆಟ್ ಮನಿ" ಅಂತ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಬೆಂಗಳೂರಲ್ಲಿ ಅದು ಮೊದಲ ದಿನವೇ ಸೊನ್ನೆ ಆಯ್ತು. ಊರಲ್ಲಿ ಇದ್ದಿದ್ದು ಅಪ್ಪನ ಮನೆ, ಬಾಡಿಗೆ ಇಲ್ಲ. ಮಾವನ ಗದ್ದೆ ಹರಿಹರದ ಕಡೆ, ಭದ್ರಾ ನಾಲೆ ನೀರು, ವರ್ಷಕ್ಕೆ ನಾಲ್ಕು ಮೂಟೆ ಅಕ್ಕಿ ಮನೆಗೆ ಬಂದು ಬೀಳ್ತಿತ್ತು. ಮಗಳನ್ನ ಸ್ಕೂಲಿಂದ ಅಪ್ಪ ಕರ್ಕೊಂಡು ಬರ್ತಿದ್ರು, ಮಧ್ಯಾಹ್ನ ನಾನೇ ಮನೆಗೆ ಬಂದು ಊಟ ಮಾಡ್ಕೊಂಡು ಹೋಗ್ತಿದ್ದೆ, ಗಾಡೀಲಿ ಎಂಟು ನಿಮಿಷ. ಇದ್ಯಾವುದಕ್ಕೂ ರಸೀತಿ ಇಲ್ಲ ನೋಡಿ, ಅದಕ್ಕೆ ಲೆಕ್ಕಕ್ಕೂ ಬರ್ಲಿಲ್ಲ. ಬೆಂಗಳೂರಿಗೆ ಹೋದ್ಮೇಲೆ ಒಂದೊಂದಕ್ಕೂ ಬಿಲ್ ಬಂತು.

ಮನೆ ಮಾಡಿದ್ದು ಕಾಡುಗೋಡಿ ಹತ್ರ ಒಳಗೆ, ಆಫೀಸು ವೈಟ್‌ಫೀಲ್ಡ್ ಕಡೆ ಇದ್ದಿದ್ರಿಂದ. ಸಿಂಗಲ್ ಬೆಡ್‌ರೂಮ್‌ಗೆ 15,500, ಮೇಂಟೆನೆನ್ಸ್ ಅಂತ 1,000. ಓನರ್ ಅಡ್ವಾನ್ಸ್ ಒಂದೂವರೆ ಲಕ್ಷ ಕೇಳ್ದ, ಗೋಗರೆದು ಒಂದು ಲಕ್ಷಕ್ಕೆ ಇಳಿಸಿದ್ವಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೇಲಿ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೋಬಾರ್ದು ಅಂತಿದೆ ಅಂತ ನಾನು ಬಾಯಿಬಿಟ್ಟೆ, ಅವನು ನಕ್ಕು "ಹಂಗಾದ್ರೆ ಅಲ್ಲೇ ಮನೆ ನೋಡ್ಕೊಳ್ಳಿ ಸಾರ್" ಅಂದ. ಮಾದರಿ ಅಂದ್ರೆ ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾನೂನು ಮಾಡ್ಕೊಂಡ್ರೆ ಮಾತ್ರ ಉಪಯೋಗಕ್ಕೆ ಬರೋದು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಟೆಂಪೋ, ಲೋಡಿಂಗ್ ಸೇರಿ 18,000. ಸ್ಕೂಲ್ ಅಡ್ಮಿಷನ್ 25,000. ಮೊದಲ ಸಂಬಳ ನೋಡೋ ಮುಂಚೆನೇ ಒಂದು ಲಕ್ಷದ ಐವತ್ತೆಂಟೂವರೆ ಸಾವಿರ ಆಯ್ತು, ಅದ್ರಲ್ಲಿ ಅಡ್ವಾನ್ಸ್ ದುಡ್ಡು ಹೆಂಡ್ತಿ ಬಳೆ ಅಡ ಇಟ್ಟು ತಂದಿದ್ದು.

ಆಮೇಲೆ ತಿಂಗಳ ಖರ್ಚು. ಸ್ಕೂಲ್ ಫೀ ತಿಂಗಳಿಗೆ ಭಾಗಿಸಿದ್ರೆ 6,500, ವ್ಯಾನಿಗೆ 2,000. ರೇಷನ್ನು, ತರಕಾರಿ, ಹಾಲು, ಗ್ಯಾಸ್ ಎಷ್ಟು ಬಿಗಿ ಹಿಡಿದ್ರೂ 11,000. ಆಫೀಸಲ್ಲಿ ಊಟ 1,800, ಓಡಾಟ 2,000, ಫೋನು ನೆಟ್ಟು 1,200. ಊರಿಗೆ ಅಪ್ಪ ಅಮ್ಮಂಗೆ 5,000. ತಿಂಗಳಿಗೆ ಒಂದ್ಸಲ ಊರಿಗೆ ಹೋಗಿ ಬರೋದು 3,000, ಹೆಂಡ್ತಿಗೆ ಶಕ್ತಿ ಯೋಜನೇಲಿ ಕೆಂಪು ಬಸ್ಸು ಫ್ರೀ, ಆದ್ರೆ ನಂಗೆ ಟಿಕೆಟ್ಟು, ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಬರೋಕೇ ಮೆಟ್ರೋದಲ್ಲಿ ಹತ್ತತ್ರ ಒಂದು ಗಂಟೆ, ಅಲ್ಲಿಂದ ಮುಂದೆ 260 ಕಿಲೋಮೀಟರ್, ದಾರೀಲಿ ಊಟ ತಿಂಡಿ, ಬರಿಗೈಲಿ ಹೋಗೋಕಾಗಲ್ಲ ಅಂತ ಒಂದಿಷ್ಟು ಸ್ವೀಟು. ಬಾಡಿಗೆ ಸೇರಿಸಿ ಕೂಡಿದ್ರೆ 49,000. ಬರೋದು 45,800. ಊರಲ್ಲಿ ಇಬ್ಬರದ್ದೂ ಸೇರಿ 35,000 ಬರ್ತಿದ್ದಾಗ ಚೀಟಿ ಕಟ್ಟಿ ಎಂಟೂವರೆ ಸಾವಿರ ಉಳಿಸ್ತಿದ್ದೋನು ನಾನು, ಇಲ್ಲಿ ತಿಂಗಳಿಗೆ ಮೂರು ಸಾವಿರದ ಇನ್ನೂರು ಸಾಲ.

2025ರಲ್ಲಿ ಇನ್ನೂ ಬಿಗಿ ಆಯ್ತು. ಜನವರೀಲಿ ಬಸ್ ಟಿಕೆಟ್ 15 ಪರ್ಸೆಂಟ್ ಏರ್ತು, ಫೆಬ್ರವರೀಲಿ ಮೆಟ್ರೋ ಗರಿಷ್ಠ ದರ 60 ಇದ್ದಿದ್ದು 90 ಆಯ್ತು. ಅದೇ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಬೋರ್ ಕೈಕೊಡ್ತು. ಒಂದು ಭಾನುವಾರ ಬೆಳಿಗ್ಗೆ ಮಗಳ ತಲೆಗೆ ಶಾಂಪೂ ಹಾಕಿದೀವಿ, ನಲ್ಲೀಲಿ ಗಾಳಿ ಬರ್ತಿದೆ. ಕುಡಿಯೋ ನೀರಿನ ಕ್ಯಾನ್ ಬಗ್ಗಿಸಿ ಅವಳ ತಲೆ ತೊಳೆದ್ವಿ. ಮಗು ಕಣ್ಣುರಿ ಅಂತ ಅಳ್ತಿದ್ರೆ ನಾನು ತಲೇಲಿ ಕ್ಯಾನಿನ ರೇಟು ಲೆಕ್ಕ ಹಾಕ್ತಿದ್ದೆ, ಆವತ್ತು ನನ್ನ ಮೇಲೆ ನಂಗೇ ಅಸಹ್ಯ ಆಯ್ತು. ಟ್ಯಾಂಕರ್ ತರ್ಸೋಕೆ ಶುರು ಮಾಡಿದ್ರು, ಮನೆಗೆ 900 ಪಾಲು. 2024ರ ಮಾರ್ಚ್‌ನಲ್ಲೇ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು, ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ಅಂತ, ಆ ಮಾತೆತ್ತಿದ್ರೆ ಟ್ಯಾಂಕರ್‌ನೋನು ಫೋನೇ ಎತ್ತಲ್ಲ. ಕಾವೇರಿ ಕುಡಿಯೋ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತು, ಪೇಪರಲ್ಲಿ ಫೋಟೋ ನೋಡಿ ನಾವೂ ಖುಷಿಪಟ್ವಿ, ಆದ್ರೆ ಬಿಲ್ಡಿಂಗ್ ಓನರ್ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡ್ರೆ ತಾನೇ ನಮ್ಮ ಸಂಪ್ ತೊಟ್ಟಿಗೆ ನೀರು ಬರೋದು. ಮನೆ ನೋಡೋಕೆ ಹೋದಾಗ ನಾನು ಟೈಲ್ಸ್ ನೋಡಿದ್ದೆ, ಬಾಲ್ಕನಿ ನೋಡಿದ್ದೆ, ಕಾವೇರಿ ಕನೆಕ್ಷನ್ ಇದ್ಯಾ ಅಂತ ಕೇಳಿರ್ಲಿಲ್ಲ. ನೀವು ಕೇಳಿ. ಓನರ್‌ನ ಅಲ್ಲ, ಮೇಲ್ಗಡೆ ಮನೇಲಿರೋ ಬಾಡಿಗೆದಾರರನ್ನ ಕೇಳಿ.

ಇಷ್ಟಾದ್ರೂ ಹೆಂಗೋ ತಳ್ತಿದ್ದೆ, ಜುಲೈಗೆ ವೇರಿಯಬಲ್ ಬರುತ್ತೆ, ಇನ್ನೆರಡು ವರ್ಷಕ್ಕೆ ಹತ್ತು ಲಕ್ಷಕ್ಕೆ ಬೇರೆ ಕಡೆ ಜಿಗಿಬಹುದು ಅನ್ನೋ ಆಸೆ ಮೇಲೆ. ಬೆಂಗಳೂರು ಅಂದ್ರೆ ನಮ್ಮ ತಲೇಲಿರೋದೇ ಅದು ಅಲ್ವಾ, ಒಂದು ಹೋದ್ರೆ ಇನ್ನೊಂದು ಕೆಲಸ. ಅಪ್ಪ ಹೇಳ್ತಿರ್ತಾರೆ, ಕಾಟನ್ ಮಿಲ್‌ಗಳು ಜೋರಾಗಿ ನಡೀತಿದ್ದಾಗ ಬೇರೆ ಊರೋರು ದಾವಣಗೆರೆ ಬಗ್ಗೆ ಹಂಗೇ ಅಂತಿದ್ರಂತೆ.

ನನ್ನ ಪ್ರೊಬೇಷನ್ ಆರು ತಿಂಗಳು ಅಂತಿದ್ದಿದ್ದು ಡಿಸೆಂಬರ್‌ನಲ್ಲಿ ಮೂರು ತಿಂಗಳು ಮುಂದಕ್ಕೆ ಹೋಯ್ತು. ಕಾರಣ ಕೇಳಿದ್ರೆ "ಪ್ರಾಜೆಕ್ಟ್ ಕ್ಲಾರಿಟಿ ಇಲ್ಲ, ನಿಮ್ಮ ಪರ್ಫಾಮೆನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ" ಅಂದ್ರು. ಆವಾಗ್ಲೇ ವಾಸನೆ ಹಿಡೀಬೇಕಿತ್ತು. ನಾನಿದ್ದಿದ್ದು ಒಬ್ಬ ಫಾರಿನ್ ಕ್ಲೈಂಟ್‌ನ ಬಿಲ್ ಪಾಸ್ ಮಾಡೋ ಟೀಮು, ಫೆಬ್ರವರೀಲಿ ಆ ಕ್ಲೈಂಟ್ ಕೆಲಸ ವಾಪಸ್ ತಗೊಂಡ. ಒಂದು ಸಣ್ಣ ರೂಮಿಗೆ ಒಬ್ಬೊಬ್ಬರನ್ನೇ ಕರೆದು, ನೀರಿನ ಬಾಟಲ್ ಮುಂದೆ ಇಟ್ಟು, "ಇಂಟರ್ನಲ್ ಆಗಿ ಬೇರೆ ಪ್ರಾಜೆಕ್ಟ್ ಹುಡುಕ್ಕೊಳ್ಳಿ, ಇಲ್ಲಾಂದ್ರೆ ನೀವೇ ಪೇಪರ್ ಹಾಕಿದ್ರೆ ರೆಕಾರ್ಡ್ ಕ್ಲೀನ್ ಆಗಿರುತ್ತೆ" ಅಂದ್ರು. ಪೇಪರ್ ಹಾಕೋದು ಅಂದ್ರೆ ರಾಜೀನಾಮೆ. ಸಿಕ್ಕಿದ್ದು ಒಂದೇ ಪ್ರಾಜೆಕ್ಟು, ಪೂರ್ತಿ ನೈಟ್ ಶಿಫ್ಟು. ಬೇರೆ ಕಂಪ್ನಿಗಳಿಗೆ ಹಾಕಿದೆ, ಇಂಟರ್‌ವ್ಯೂಗೆ ಕರೆದೋರೆಲ್ಲ ಎಂಟೇ ತಿಂಗಳಿಗೆ ಯಾಕೆ ಬಿಡ್ತಿದೀರ ಅಂತ ಶುರು ಮಾಡೋರು.

ಪೇಪರ್ ಹಾಕಿದೆ. ಇಲ್ಲಿ ಎರಡನೇ ಗುಂಡಿ. ಸೇರುವಾಗ ಜಾಯಿನಿಂಗ್ ಬೋನಸ್ ಅಂತ 40,000 ಕೊಟ್ಟಿದ್ರು. ಒಂದು ವರ್ಷದೊಳಗೆ ನಾವಾಗೇ ಬಿಟ್ರೆ ಪೂರ್ತಿ ವಾಪಸ್ ಕಟ್ಬೇಕು ಅಂತ ಕಂಡೀಷನ್. ಅವರೇ ತೆಗೆದಿದ್ರೆ ಕಟ್ಟೋ ಹಂಗಿರ್ಲಿಲ್ಲ, ಅದಕ್ಕೇ "ನೀವೇ ಪೇಪರ್ ಹಾಕಿ" ಅಂತ ಅಷ್ಟು ಪ್ರೀತಿಯಿಂದ ಹೇಳಿದ್ದು. ಕೊನೇ ಸೆಟಲ್‌ಮೆಂಟ್‌ನಲ್ಲಿ ನಲವತ್ತೂ ಹಿಡ್ಕೊಂಡ್ರು. ಜುಲೈ ಬರೋ ಮುಂಚೆ ಬಿಟ್ಟಿದ್ರಿಂದ ವೇರಿಯಬಲ್ ಪೂರ್ತಿ ಖೋತಾ. ನಿಮ್ಮನ್ನ ಯಾರಾದ್ರೂ ಹಂಗೆ ರೂಮಿಗೆ ಕರೆದ್ರೆ ಆವತ್ತೇ ಹೂಂ ಅನ್ಬೇಡಿ, ಮನೆಗೆ ಬಂದು ಆಫರ್ ಲೆಟರ್ ತೆಗೆದು ಓದಿ, ಏನು ಹೇಳ್ತಾರೋ ಅದನ್ನ ಮೇಲ್‌ನಲ್ಲಿ ಕೊಡಿ ಅಂತ ಕೇಳಿ. ನಂಗೆ ಆ ಬುದ್ಧಿ ಬಂದಾಗ ರಿಲೀವಿಂಗ್ ಲೆಟರ್ ಕೈಲಿತ್ತು.

ಮನೆ ಖಾಲಿ ಮಾಡೋ ದಿನ ಓನರ್ ಟಾರ್ಚ್ ಹಿಡ್ಕೊಂಡು ಬಂದ. ಹಗಲು ಹನ್ನೊಂದು ಗಂಟೆಗೆ ಟಾರ್ಚು! ಕ್ಯಾಲೆಂಡರ್ ಹಾಕಿದ್ದ ಮೊಳೆ ತೂತಿಗೆ ಬೆಳಕು ಬಿಟ್ಟು ನೋಡ್ದ, ಅಡುಗೆಮನೆ ಟೈಲ್ಸ್ ಮೇಲೆ ಬೆರಳು ಎಳೆದು ಎಣ್ಣೆ ಜಿಡ್ಡು ನಂಗೇ ತೋರ್ಸಿದ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ, ಅಗ್ರಿಮೆಂಟ್ ಹನ್ನೊಂದು ತಿಂಗಳು ಇದ್ದಿದ್ರಿಂದ ಉಳಿದ ಒಂದು ತಿಂಗಳದ್ದೂ ಮುರ್ಕೊಂಡ, ಕ್ಲೀನಿಂಗ್ 2,000. ಒಂದು ಲಕ್ಷದಲ್ಲಿ 67,000 ಕೊಟ್ಟ. ಸೇರೋ ದಿನ ಗೋಡೆಗಳ ಫೋಟೋ ಒಂದೂ ತೆಗೆದಿರ್ಲಿಲ್ಲ ನಾನು, ಹಾಲು ಉಕ್ಕಿಸಿದ ಫೋಟೋ ಮಾತ್ರ ಹತ್ತು ಇದಾವೆ.

ಬೆಂಗಳೂರು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ತಪ್ಪು ತಿಳ್ಕೋಬೇಡಿ. ನನ್ನ ಟೀಮಲ್ಲಿ ಗದಗಿನ ಹುಡುಗ ಒಬ್ಬ ಇದ್ದ, ಮದುವೆ ಆಗಿಲ್ಲ, ಮೂರು ಜನ ಸೇರಿ ಮನೆ ಮಾಡಿದ್ರು, ಅದೇ ಸಂಬಳದಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಉಳಿಸ್ತಿದ್ದ, ಅವನಿಗೆ ಬೆಂಗಳೂರು ಸರೀನೇ. ಗಂಡ ಹೆಂಡ್ತಿ ಇಬ್ಬರಿಗೂ ಕೆಲಸ ಸಿಕ್ಕೋರಿಗೂ ನಡೆಯುತ್ತೆ. ಒಂದೇ ಸಂಬಳ, ಸ್ಕೂಲಿಗೆ ಹೋಗೋ ಮಗು, ಊರಲ್ಲಿ ವಯಸ್ಸಾದೋರು, ಇಷ್ಟು ಇಟ್ಕೊಂಡು ಕೈಗೆ 45,000 ಅಂತ ಹೊರಡೋರಿಗೆ ನಾನು ಹೇಳ್ತಿರೋದು. ಹೋಗ್ಲೇಬೇಕು ಅನ್ನಿಸಿದ್ರೆ ಮೊದಲ ಆರು ತಿಂಗಳು, ಪ್ರೊಬೇಷನ್ ಮುಗಿಯೋವರೆಗೆ, ಒಬ್ಬರೇ ಹೋಗಿ ಪಿಜಿಲಿ ಇರಿ. ಹೆಂಡ್ತಿ ಇದನ್ನೇ ಹೇಳಿದ್ಲು, ನಾನೇ "ಸಂಸಾರ ಬಿಟ್ಟು ಇರೋಕಾಗಲ್ಲ" ಅಂತ ಡೈಲಾಗ್ ಹೊಡೆದಿದ್ದೆ.

ಈಗ ಊರಲ್ಲಿ ಒಬ್ಬರು ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ 27,000ಕ್ಕೆ ಸೇರ್ಕೊಂಡಿದೀನಿ, ಮೊದಲಿಗಿಂತ ಎರಡು ಸಾವಿರ ಕಮ್ಮಿ. ಟ್ಯೂಷನ್‌ಗೆ ಹಳೇ ಹತ್ತು ಮಕ್ಕಳಲ್ಲಿ ನಾಲ್ಕು ವಾಪಸ್ ಬಂದಿದಾವೆ. ಬಳೆ ಇನ್ನೂ ಬಿಡಿಸಿಲ್ಲ.

ಇದೆಲ್ಲ ಈಗ ಯಾಕೆ ಬರೆದೆ ಅಂದ್ರೆ ಮೊನ್ನೆ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ, "ಅಣ್ಣಾ, ಎಂಟು ಲಕ್ಷ ಕೊಡ್ತಿದಾರೆ, ಮುಂದಿನ ತಿಂಗಳು ಮನೆ ಶಿಫ್ಟು" ಅಂತ. ಆಫರ್ ಲೆಟರ್ ಕಳ್ಸೋ ಅಂದೆ. ಮೊದಲ ಪುಟ ಮಾತ್ರ ಕಳ್ಸಿದಾನೆ.