ಹ್ಯಾಶ್ ಇಫ್ ಡೀಬಗ್ ಸಾಕಾ, ಕಂಡೀಷನಲ್ ಬೇಕಾ?

ಸಿ ಶಾರ್ಪ್‌ನಲ್ಲಿ ಡೀಬಗ್ ಬಿಲ್ಡ್‌ಗೆ (ತಪ್ಪು ಹುಡುಕಲು ತಯಾರಿಸುವ ಪ್ರೋಗ್ರಾಂ ಆವೃತ್ತಿಗೆ) ಮಾತ್ರ ಬೇಕಾದ ಕೋಡ್ ಬರೆಯಲು ಹ್ಯಾಶ್ ಇಫ್ ಡೀಬಗ್ ಎಲ್ಲರಿಗೂ ಗೊತ್ತು. ರಿಲೀಸ್‌ನಲ್ಲಿ (ಬಳಕೆದಾರರಿಗೆ ಕೊಡುವ ಆವೃತ್ತಿಯಲ್ಲಿ) ಅದರೊಳಗಿನ ಸಾಲುಗಳು ಕಂಪೈಲೇ ಆಗುವುದಿಲ್ಲ. ಒಂದೆರಡು ಕಡೆಗಾದರೆ ಇದೇ ಸಾಕು. ಹತ್ತಾರು ಕಡೆ ಹಾಕಿದರೆ ಕೋಡ್ ಓದುವುದೇ ಕಷ್ಟ, ಅಲ್ವಾ?

ಆಗ ಕಂಡೀಷನಲ್ ಆಟ್ರಿಬ್ಯೂಟ್ (ಮೆಥಡ್ ಮೇಲೆ ಬರೆಯುವ ಒಂದು ಗುರುತು) ಮೇಲು. ಮೆಥಡ್ ಮೇಲೆ ಒಮ್ಮೆ ಹಾಕಿದರೆ ಆಯಿತು. ರಿಲೀಸ್‌ನಲ್ಲಿ ಮೆಥಡ್ ಉಳಿಯುತ್ತದೆ, ಅದನ್ನು ಕರೆಯುವ ಸಾಲುಗಳು ಮಾಯವಾಗುತ್ತವೆ. ಆ ಮೆಥಡ್ ವಾಯ್ಡ್ (ಏನನ್ನೂ ಹಿಂತಿರುಗಿಸದ್ದು) ಆಗಿರಲೇಬೇಕು. ಎಡವಿ ಬೀಳುವ ಗುಂಡಿಯೊಂದೂ ಇದೆ: ಆರ್ಗ್ಯುಮೆಂಟ್‌ನಲ್ಲಿ ಕೌಂಟರ್ ಪ್ಲಸ್ ಪ್ಲಸ್ (ಎಣಿಕೆಗೆ ಒಂದು ಕೂಡಿಸು) ಎಂದು ಬರೆದಿದ್ದರೆ, ರಿಲೀಸ್‌ನಲ್ಲಿ ಅದೂ ನಡೆಯುವುದಿಲ್ಲ. ಈ ಗುಂಡಿಗೆ ಬಿದ್ದು ನಾನೊಂದು ಸಂಜೆ ಕಳೆದಿದ್ದೇನೆ. ಆದರೂ ಲಾಗ್ ಬರೆಯುವಂಥ ಕೆಲಸಕ್ಕೆ ನನ್ನ ಓಟು ಇದಕ್ಕೇ.

ಡೀಬಗ್ಗರ್ (ತಪ್ಪು ಹುಡುಕುವ ಸಾಧನ) ಅಂಟಿದೆಯೇ ಎಂದು ಹೇಳುವ ಡೀಬಗ್ಗರ್ ಡಾಟ್ ಈಸ್ ಅಟ್ಯಾಚ್ಡ್ ನೋಡಿ ಸುಮ್ನೆ ಬಿಲ್ಡ್ ಯಾವುದೆಂದು ಊಹಿಸಬೇಡಿ. ರಿಲೀಸ್ ಬಿಲ್ಡ್‌ಗೂ ಡೀಬಗ್ಗರ್ ಅಂಟಿಸಬಹುದು.